ಹಳೆಯ ಮೈಸೂರು ಸೀಮೆಯ ರೈಲು ನಿಲ್ದಾಣಗಳು: ಚರಿತ್ರೆಯ ಕ್ರಮವನ್ನು ಕುರಿತು

ನಮ್ಮ ಹಳೆಯ ರೈಲು ನಿಲ್ದಾಣಗಳ ವಿಚಾರವಾಗಿ ಬರೆಯುವವರು ಸಾಮಾನ್ಯವಾಗಿ ಕಟ್ಟಡದ ಕಮಾನು, ಹೆಂಚು, ಕಲ್ಲುಗೋಡೆಗಳನ್ನು ವರ್ಣಿಸಿ, ಆರಂಭದ ವರ್ಷವನ್ನು ಹೇಳಿ ತೃಪ್ತರಾಗುವರು. ಈ ಕ್ರಮವು ಅಸಂಪೂರ್ಣವೆಂದು ನಮ್ಮ ಅಭಿಪ್ರಾಯ. ನಿಲ್ದಾಣವು ಅಲ್ಲಿಯೇ ಏಕೆ ಏರ್ಪಟ್ಟಿತು, ಅಲ್ಲಿ ಯಾವ ಕೆಲಸ ನಡೆಯಿತು ಎಂಬುದನ್ನೂ ಚರಿತ್ರಕಾರನು ವಿಚಾರಿಸಬೇಕು.

ಬೆಂಗಳೂರನ್ನೇ ನೋಡಬಹುದು. 1864ರಲ್ಲಿ ಜೋಲಾರಪೇಟೆಯ ಕಡೆಯಿಂದ ಬಂದ ಮದರಾಸು ರೈಲ್ವೆಯ ಬ್ರಾಡ್ ಗೇಜು ಹಾದಿಯು ಪೇಟೆಯನ್ನು ಮುಟ್ಟದೆ ದಂಡಿನಲ್ಲಿಯೇ ನಿಂತಿತು. ಪೇಟೆಯ ಪಕ್ಕದ ನಿಲ್ದಾಣವಾದರೋ, 1876–78ರ ಘೋರ ಕ್ಷಾಮದ ತರುವಾಯ, 1882ರ ವೇಳೆಗೆ ಮೈಸೂರಿನವರೆಗೆ ಪೂರ್ಣಗೊಂಡ ಮೀಟರು ಗೇಜು ಹಾದಿಯೊಡನೆ ಬೆಳೆಯಿತು. ಒಂದು ಗೇಜಿನ ಬಂಡಿಯು ಮತ್ತೊಂದರ ಹಳಿಯ ಮೇಲೆ ಓಡಲಾರದು. ಸರಕನ್ನು ಇಳಿಸಿ ಮತ್ತೆ ಏರಿಸಲೇಬೇಕು. ಹಮಾಲರ ಆ ದುಡಿಮೆಯು ಗೋಡೆಗಳ ವರ್ಣನೆಯಲ್ಲಿ ಕಾಣಬರುವುದಿಲ್ಲ.

ಬಂಗಾರಪೇಟೆಯದೂ ಹೀಗೆಯೇ. ಕಮಿಷನರ್ ಬೌರಿಂಗರ ಹೆಸರಿನಿಂದ ಅದು ಮೊದಲು ಬೌರಿಂಗ್‌ಪೇಟೆಯೆನಿಸಿತ್ತು. 1894ರಲ್ಲಿ ಚಿನ್ನದ ಗಣಿಗೆ ಕವಲುಹಾದಿಯೂ, 1913ರಲ್ಲಿ ಕೋಲಾರಕ್ಕೆ ನ್ಯಾರೋ ಗೇಜೂ ಅಲ್ಲಿಂದ ಹೊರಟುವು. ಈ ಕೂಡುವಿಕೆಯನ್ನು ಬಿಟ್ಟು ಆ ನಿಲ್ದಾಣದ ಮಹತ್ತ್ವವನ್ನು ಅಳೆಯುವುದು ಹೇಗೆ?

ಕಟ್ಟಡಗಳನ್ನು ಉಳಿಸಬೇಕೆಂಬ ಕಳಕಳಿಯು ಸ್ತುತ್ಯವೇ ಸರಿ. ಆದರೆ ಚಿನ್ನದ ಗಣಿಯು 2001ರಲ್ಲಿ ಮುಚ್ಚಿತು. ಮೇಲೆ ಹೇಳಿದ ಮೀಟರು ಗೇಜೂ ನ್ಯಾರೋ ಗೇಜೂ ಬ್ರಾಡ್ ಗೇಜಾದುವು. ಅವುಗಳಲ್ಲಿ ದುಡಿದವರು ವೃದ್ಧರಾಗಿರುವರು. ಕಲ್ಲುಗೋಡೆಯನ್ನು ಇನ್ನು ಹತ್ತು ವರ್ಷ ಕಳೆದ ಮೇಲೂ ಅಳೆಯಬಹುದು. ಅವರ ನೆನಪುಗಳನ್ನು ಮಾತ್ರ ಈಗಲೇ ಬರೆದಿಡಬೇಕು. ಸಂಶೋಧಕರು ಮೊದಲು ಈ ಕಾರ್ಯಕ್ಕೆ ತೊಡಗಬೇಕೆಂಬುದು ನಮ್ಮ ವಿನಂತಿ.