ಐದನೆಯ ರ್‍ಯಾಂಕಿನ ಸೇಲಂ

2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ದೇಶದ 111 ನಗರಗಳನ್ನು ಅಳೆದು ತೂಗಿ, ಎಲ್ಲಿ ಬದುಕು ಹಗುರ ಎಂದು ರ್‍ಯಾಂಕ್ ಹಂಚಿತು. ಹತ್ತು ಲಕ್ಷ ಮೀರಿದ ಊರುಗಳ ಪೈಕಿ ಬೆಂಗಳೂರಿಗೆ ಮೊದಲ ಸ್ಥಾನ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡು ಆ ಸುದ್ದಿ ಓದಿದವರು ನಕ್ಕರೋ ಹಲ್ಲು ಕಡಿದರೋ ಕಾಣೆ. ಆ ಗದ್ದಲದಲ್ಲಿ ಜೊತೆಗೇ ಬಂದ ಇನ್ನೊಂದು ಪಟ್ಟಿಯನ್ನು ನಮ್ಮವರು ಅಷ್ಟಾಗಿ ಗಮನಿಸಲಿಲ್ಲ. ಹತ್ತು ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳ ಪಟ್ಟಿ ಅದು. ಶಿಮ್ಲಾ ಮೊದಲನೆಯದು, ನಮ್ಮ ದಾವಣಗೆರೆ ಒಂಬತ್ತನೆಯದು, ಸೇಲಂ ಐದನೆಯದು.

ಸೇಲಂ ಎಂದರೆ ನಮಗೆ ಮಾವಿನಹಣ್ಣು, ಸ್ಟೀಲ್ ಪಾತ್ರೆ, ತೆಂಕಣಕ್ಕೆ ಹೋಗುವಾಗ ಅಪರಾತ್ರಿಯಲ್ಲಿ ರೈಲು ನಿಲ್ಲುವ ಒಂದು ಜಂಕ್ಷನ್. ಅಲ್ಲಿ ಇಳಿದು ಎರಡು ದಿನ ಇದ್ದು ಬರೋಣ ಎಂದವರನ್ನು ನಾನಂತೂ ಕಂಡಿಲ್ಲ. ಏರ್ಕಾಡಿನ ತಂಪಿಗೆ ಹೋಗುವವರೂ ಊರನ್ನು ಬಳಸಿಕೊಂಡು ಬೆಟ್ಟ ಹತ್ತಿಬಿಡುತ್ತಾರೆ. ಆದರೂ ಆ ಐದನೆಯ ಸ್ಥಾನ ಸುಳ್ಳಲ್ಲ ಎಂದೇ ನನ್ನ ವಾದ. ರ್‍ಯಾಂಕ್ ಕೊಟ್ಟವರು ಹಾಕಿದ ಲೆಕ್ಕ ಒಂದು, ಊರು ಹಿತವಾಗಿರುವುದಕ್ಕೆ ಕಾರಣ ಇನ್ನೊಂದು.

ಲೆಕ್ಕ ಹೀಗಿತ್ತು: ನೂರರಲ್ಲಿ ಜೀವನಮಟ್ಟಕ್ಕೆ 35 ಅಂಕ, ಆರ್ಥಿಕ ಶಕ್ತಿಗೆ 15, ಸುಸ್ಥಿರತೆಗೆ 20, ಜನರನ್ನೇ ಕೇಳಿ ತಿಳಿದ ಅಭಿಪ್ರಾಯಕ್ಕೆ 30. ಕೊನೆಯದನ್ನು ಬಿಟ್ಟರೆ ಉಳಿದದ್ದೆಲ್ಲ ಕಚೇರಿಯ ಕಡತದಲ್ಲಿ ಸಿಗುವ ಸಂಗತಿ. ಶಾಲೆ ಎಷ್ಟು, ಆಸ್ಪತ್ರೆ ಎಷ್ಟು, ನೀರು ಎಷ್ಟು. ಇವು ಬೇಡ ಎನ್ನುವವನು ಮೂರ್ಖ. ಆದರೆ ಇವೆಲ್ಲ ಇದ್ದೂ ಸಂಜೆಯಾದರೆ ಹೋಗಲು ದಿಕ್ಕಿಲ್ಲದ ಊರುಗಳು ನಮಗೆ ಗೊತ್ತು. ಜೇಬಿನಲ್ಲಿ ಐವತ್ತು ರೂಪಾಯಿ ಇಟ್ಟುಕೊಂಡವನು, ಯಾರಿಂದಲೂ 'ಏನು ಬೇಕು, ಯಾಕೆ ನಿಂತಿದ್ದೀರಿ' ಎನ್ನಿಸಿಕೊಳ್ಳದೆ, ಎರಡು ಗಂಟೆ ಬೀದಿಯಲ್ಲಿ ಕಳೆಯಬಹುದೇ? ದೊಡ್ಡ ಊರನ್ನು ಅಳೆಯಲು ನಾನು ಕೇಳುವ ಮೊದಲ ಪ್ರಶ್ನೆ ಇದು. ಸೇಲಂನಲ್ಲಿ ಕಳೆಯಬಹುದು. ಬೆಂಗಳೂರಿನಲ್ಲಿ ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ.

ಸೇಲಂನ ಸಂಜೆ ಅಂದರೆ ತಟ್ಟುವಡೆ ಸೆಟ್ಟಿನ ಗಾಡಿ. ನಮ್ಮ ನಿಪ್ಪಟ್ಟಿನ ದಾಯಾದಿ ಎನ್ನಬಹುದಾದ ಸಣ್ಣ ಗರಿಗರಿ ಬಿಲ್ಲೆ, ಅದರ ಮೇಲೆ ಖಾರದ ಕೆಂಪು ಚಟ್ನಿ, ಹಸಿರು ಚಟ್ನಿ, ತುರಿದ ಬೀಟ್‌ರೂಟು, ಕ್ಯಾರೆಟ್ಟು, ಹೆಚ್ಚಿದ ಈರುಳ್ಳಿ, ಮೇಲೊಂದು ಬಿಲ್ಲೆಯ ಮುಚ್ಚಳ. ಅದನ್ನೇ ಪುಡಿ ಮಾಡಿ ಕಲಸಿಕೊಟ್ಟರೆ ನೊರುಕ್ಕಲ್. ಬೆಂಗಳೂರಿನ ವಿ.ವಿ. ಪುರಂನಲ್ಲಿ ನಿಪ್ಪಟ್ಟು ಮಸಾಲೆ ತಿಂದವರಿಗೆ ರುಚಿ ಹೊಸದೆನಿಸದು, ಹೊಸದೆನಿಸುವುದು ಅದರ ಹರವು. ಒಂದೇ ತಿಂಡಿಬೀದಿಗೆ ಅದನ್ನು ಕೂಡಿಹಾಕಿಲ್ಲ. ಗುಗೈಯಲ್ಲೂ ಅದೇ, ಅಮ್ಮಾಪೇಟೆಯಲ್ಲೂ ಅದೇ. ಕಾರಿನಲ್ಲಿ ಬಂದವರೂ ಪಕ್ಕದ ಮಗ್ಗದಿಂದ ಎದ್ದು ಬಂದವರೂ ಒಂದೇ ಗಾಡಿಯ ಮುಂದೆ ತಟ್ಟೆ ಹಿಡಿದಿರುತ್ತಾರೆ. ಸೆಟ್ಟನ್ನು ಇಡಿಯಾಗಿ ಬಾಯಿಗೆ ಹಾಕಿಕೊಳ್ಳಬೇಕಾದ್ದರಿಂದ ಆ ಗಳಿಗೆ ಯಾರಿಗೂ ಗತ್ತು ತೋರಿಸಲು ಅವಕಾಶವಿಲ್ಲ.

ಮಗ್ಗದಿಂದ ಎದ್ದು ಬಂದವರು ಎಂದೆ. ಇದೇ ಈ ಊರಿನ ಗುಟ್ಟು. ಸೇಲಂನಲ್ಲಿ ದುಡಿಮೆ ಮನೆಗೆ ಅಂಟಿಕೊಂಡಿದೆ. ನೇಯ್ಗೆಯ ಕೇರಿಗಳಲ್ಲಿ ಮುಂಗೋಣೆಯೇ ಕಾರ್ಖಾನೆ. ಶೆವ್ವಾಪೇಟೆಯಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ ಬೆಳ್ಳಿ ಗೆಜ್ಜೆ, ಕಾಲುಚೈನು ಮಾಡುವುದೂ ಹೆಚ್ಚಾಗಿ ಮನೆಗಳಲ್ಲೇ. ಕೆಲಸಕ್ಕೆಂದು ಊರ ಆ ತುದಿಗೆ ಹೋಗಿ ಕತ್ತಲಾದ ಮೇಲೆ ಮರಳುವ ಪಾಡಿಲ್ಲದ್ದರಿಂದ ಬೀದಿ ಹಗಲಿಡೀ ಎಚ್ಚರವಾಗಿರುತ್ತದೆ. ಇಲ್ಲಿನ ನೇಕಾರರಲ್ಲಿ ಕನ್ನಡ ಆಡುವ ದೇವಾಂಗರಿದ್ದಾರೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಕುಲದೇವತೆ ಚೌಡೇಶ್ವರಿ. ಅವರ ಕನ್ನಡಕ್ಕೆ ತಮಿಳಿನ ಒಗರು ಹತ್ತಿದೆ, ನಮ್ಮ ಕಿವಿಗೆ ಒಂದೆರಡು ಮಾತು ಜಾರುತ್ತವೆ, ಆಮೇಲೆ ಹೊಂದಿಕೊಳ್ಳುತ್ತದೆ. ಇನ್ನೊಂದು ಕೇರಿಯ ನೇಕಾರರ ಮನೆಮಾತು ಸೌರಾಷ್ಟ್ರ, ಮತ್ತೊಂದು ಕಡೆ ತೆಲುಗು, ಪೇಟೆಯಲ್ಲಿ ಉರ್ದು, ಮಾರ್ವಾಡಿ. ಇಷ್ಟು ಭಾಷೆ ಒಂದೇ ಊರಿನಲ್ಲಿ ಜಗಳವಿಲ್ಲದೆ ವ್ಯಾಪಾರ ಮಾಡಿಕೊಂಡಿರುವುದಕ್ಕೆ ಅಂಕ ಕೊಡುವ ಕಲಂ ಯಾವ ಸೂಚ್ಯಂಕದಲ್ಲಿದೆ?

ಆಡಿ ತಿಂಗಳಲ್ಲಿ ಈ ಬೀದಿಬದುಕಿನ ಶಿಖರ ನೋಡಬೇಕು. ಕೋಟೆ ಮಾರಿಯಮ್ಮನಿಂದ ಹಿಡಿದು ಊರಿನ ಮಾರಿಗುಡಿಗಳಿಗೆಲ್ಲ ಆಗ ಹಬ್ಬ. ಗುಗೈಯಲ್ಲಿ ವಂಡಿ ವೇಡಿಕ್ಕೈ ನಡೆಯುತ್ತದೆ. ಹಿಂದೆ ಎತ್ತಿನ ಗಾಡಿ, ಈಗ ಲಾರಿ. ಅದರ ಮೇಲೆ ಪುರಾಣದ ದೃಶ್ಯ ಕಟ್ಟಿ, ಕೇರಿಯ ಗಂಡಸರೇ ಶಿವ, ಪಾರ್ವತಿ, ಕಾಳಿಯರಾಗಿ ಬಣ್ಣ ಬಳಿದುಕೊಂಡು ರಾತ್ರಿ ಮೆರವಣಿಗೆ ಹೊರಡುತ್ತಾರೆ. ನಮ್ಮ ದಸರಾ ಸ್ತಬ್ಧಚಿತ್ರಗಳನ್ನು ಇಲಾಖೆಗಳು ಕಟ್ಟಿಸುತ್ತವೆ. ಇಲ್ಲಿ ಕಟ್ಟುವವರು ಬೀದಿಯವರು, ನೋಡುವವರೂ ಬೀದಿಯವರು. ಟಿಕೆಟ್ಟಿಲ್ಲ, ಪಾಸಿಲ್ಲ, ಗಣ್ಯರ ಕುರ್ಚಿಸಾಲಿನ ಕಾಟ ಕಡಿಮೆ. ಒಮ್ಮೆ ಸೇಲಂಗೆ ಹಣ ಹೂಡಿದ ಮನರಂಜನೆಯೂ ಇತ್ತು. ಟಿ.ಆರ್. ಸುಂದರಂ 1930ರ ದಶಕದಲ್ಲಿ ಏರ್ಕಾಡಿನ ದಾರಿಯಲ್ಲಿ ಕಟ್ಟಿದ ಮಾಡರ್ನ್ ಥಿಯೇಟರ್ಸ್, ಮಲಯಾಳದ ಮೊದಲ ವಾಕ್ಚಿತ್ರ 'ಬಾಲನ್' ಅನ್ನು 1938ರಲ್ಲಿ ತಯಾರಿಸಿದ ಸಂಸ್ಥೆ. ಈಗ ಅದರ ಹೆಬ್ಬಾಗಿಲ ಕಮಾನು ಉಳಿದಿದೆ, ಒಳಗೆ ವಸತಿ ಬಡಾವಣೆ. ಸ್ಟುಡಿಯೋ ಹೋಯಿತು, ಲಾರಿಯ ಮೇಲಿನ ಶಿವ ಉಳಿದ.

ಇನ್ನು ಊರು ತನ್ನನ್ನು ತಾನೇ ದೊಡ್ಡದು ಮಾಡಿಕೊಳ್ಳಲು ಹೊರಟ ಬಗೆ. 2016ರ ಸೆಪ್ಟೆಂಬರಿನಲ್ಲಿ ಸ್ಮಾರ್ಟ್ ಸಿಟಿಗಳ ಒಂದು ಪಟ್ಟಿ ಬಂತು. ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರುಗಳ ಜೊತೆ ಸೇಲಂ ಕೂಡ ಅದರಲ್ಲಿತ್ತು. ಮುಂದಿನ ಕಥೆ ನಮ್ಮವರಿಗೆ ಹೇಳಬೇಕಿಲ್ಲ: ಅಗೆತ, ಧೂಳು, ಮತ್ತೆ ಅಗೆತ. ಹಳೆಯ ಬಸ್ ನಿಲ್ದಾಣ ಕೆಡವಿ ಎರಡಂತಸ್ತಿನದು ಕಟ್ಟಿದರು, 2023ರಲ್ಲಿ ತೆರೆಯಿತು. ಅದಕ್ಕೂ ಮುಂಚೆ, ಬೇರೆ ಹಣದಲ್ಲಿ, ಐದು ರಸ್ತೆ ಕೂಡುವಲ್ಲಿ ಎರಡು ಅಂತಸ್ತಿನ ಮೇಲ್ಸೇತುವೆ ಎದ್ದಿತ್ತು. ಎಂಟು ಕಿಲೋಮೀಟರಿಗೆ ತುಸು ಕಡಿಮೆ ಉದ್ದ, 400 ಕೋಟಿ ರೂಪಾಯಿ ಮೀರಿದ ಖರ್ಚು. 2020ರ ಜೂನ್‌ನಲ್ಲಿ ಅದನ್ನು ಉದ್ಘಾಟಿಸಿದ ಆಗಿನ ಮುಖ್ಯಮಂತ್ರಿ ಎಡಪ್ಪಾಡಿ ಪಳನಿಸ್ವಾಮಿ ಇದೇ ಜಿಲ್ಲೆಯವರು. ಮುಖ್ಯಮಂತ್ರಿಯ ತವರು ಜಿಲ್ಲೆಗೆ ಸೇತುವೆ ಬರುವುದು ಕರ್ನಾಟಕದಲ್ಲೂ ಹೊಸ ಸಂಗತಿಯಲ್ಲ.

ಸೇತುವೆಯಿಂದ ಅನುಕೂಲವಾಗಿಲ್ಲ ಎನ್ನಲಾರೆ. ಐದು ರಸ್ತೆಯ ದಟ್ಟಣೆಯನ್ನು ಹಾರಿಕೊಂಡು ಹೋಗಬಹುದು. ನನ್ನ ತಕರಾರು ಅದರ ಕೆಳಗಿನ ಊರಿನ ಬಗ್ಗೆ. ಬೇಸಗೆಯಲ್ಲಿ ಪಾದರಸ ನಲವತ್ತು ಡಿಗ್ರಿ ಮುಟ್ಟುವ ಸೀಮೆಯಲ್ಲಿ ನಡೆಯುವವನಿಗೆ ಬೇಕಾದ್ದು ಮರದ ನೆರಳು, ಸಿಕ್ಕಿದ್ದು ಕಾಂಕ್ರೀಟಿನದು. ಸೇತುವೆ ಮಾಡುವ ಕೆಲಸವೆಂದರೆ ಊರನ್ನು ಬೇಗ ದಾಟಿಸುವುದು. ಊರಿನಲ್ಲಿ ಇರುವವನಿಗೆ ಆಗುವ ಲಾಭ ಅರ್ಧ. ಹೋಲಿಸಿದರೆ ಎರಡು ಸದ್ದಿಲ್ಲದ ಏರ್ಪಾಡುಗಳು ಹೆಚ್ಚು ಕೆಲಸ ಮಾಡಿವೆ. ಒಂದು, ಕರುಣಾನಿಧಿ ಸರ್ಕಾರ 1999ರಲ್ಲಿ ಶುರುಮಾಡಿದ ಉಳವರ್ ಸಂದೈ. ಸೂರಮಂಗಲಂ, ಅಮ್ಮಾಪೇಟೆ, ದಾದಗಪಟ್ಟಿಗಳ ಸಂತೆಗಳಲ್ಲಿ ರೈತ ದಲ್ಲಾಳಿಯಿಲ್ಲದೆ ತಾನೇ ತಕ್ಕಡಿ ಹಿಡಿಯುತ್ತಾನೆ. ಇನ್ನೊಂದು, ಸಾದಾ ಟೌನ್ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ. 2021ರಲ್ಲಿ ತಮಿಳುನಾಡಿನಲ್ಲಿ, ಎರಡು ವರ್ಷ ಬಿಟ್ಟು 'ಶಕ್ತಿ' ಹೆಸರಿನಲ್ಲಿ ನಮ್ಮಲ್ಲಿ. ಖರ್ಚಿನ ಭಯವಿಲ್ಲದೆ ಸಂಜೆ ಪೇಟೆಗೆ ಬಂದ ಹೆಂಗಸರು ತಟ್ಟುವಡೆ ಗಾಡಿಯ ಮುಂದೆ ನಿಂತಿರುವುದೇ ಅದರ ಫಲಿತಾಂಶ.

ಹೊಗಳಿಕೆ ಸಾಕು. ಈ ಊರಿನ ಮಧ್ಯೆ ಒಂದು ಹೊಳೆ ಇದೆ, ತಿರುಮಣಿಮುತ್ತಾರು. ಶೇರ್ವರಾಯನ್ ಬೆಟ್ಟದಲ್ಲಿ ಹುಟ್ಟಿ ಕಾವೇರಿ ಸೇರುವ ನದಿ. ಸೇಲಂ ಪೇಟೆಯಲ್ಲಿ ಅದರ ಪಕ್ಕ ಹೋಗುವವರು ಮೂಗು ಮುಚ್ಚಿಕೊಳ್ಳುತ್ತಾರೆ. ಊರಿನ ಚರಂಡಿ ಅದಕ್ಕೇ, ನೂಲಿಗೆ ಬಣ್ಣ ಹಾಕುವ ಘಟಕಗಳ ನೀರೂ ಅದಕ್ಕೇ. ಇಲ್ಲಿ ನನ್ನ ವಾದ ನನ್ನನ್ನೇ ತಿರುಗಿ ನೋಡುತ್ತದೆ. ಯಾವ ಮನೆದುಡಿಮೆ ಬೀದಿಗಳನ್ನು ಜೀವಂತ ಇಟ್ಟಿದೆ ಎಂದೆನೋ, ಹೊಳೆಯನ್ನು ಕೊಂದದ್ದರಲ್ಲಿ ಅದರ ಪಾಲೂ ಇದೆ. ಹಾಗೆಂದು ದುಡಿಮೆಯನ್ನು ಊರಾಚೆ ಅಟ್ಟಿದರೆ ಕೇರಿಗಳು ಬಣಗುಟ್ಟುತ್ತವೆ. ಬಿಟ್ಟರೆ ಹೊಳೆ ನಾರುತ್ತದೆ. ಸಣ್ಣ ಘಟಕಗಳಿಗೆಲ್ಲ ಸೇರಿ ಬಣ್ಣದ ನೀರು ಶುದ್ಧಮಾಡುವ ವ್ಯವಸ್ಥೆ ಬೇಕು. ಅದು ಸೇತುವೆಯ ಹಾಗೆ ದೂರದಿಂದ ಕಾಣುವ ಕಾಮಗಾರಿಯಲ್ಲ, ರಿಬ್ಬನ್ ಕತ್ತರಿಸಿದರೆ ಫೋಟೋ ಚೆನ್ನಾಗಿ ಬರುವುದಿಲ್ಲ. ಸುಸ್ಥಿರತೆಗೆ 20 ಅಂಕ ಇಟ್ಟ ಪಟ್ಟಿಯಲ್ಲಿ, ಇಂಥ ಹೊಳೆಯಿಟ್ಟುಕೊಂಡ ಊರು ಐದನೆಯ ಸ್ಥಾನಕ್ಕೆ ಏರಿತಲ್ಲ! ಆ ಪಟ್ಟಿಯ ಬಗ್ಗೆ ನನಗಿರುವ ದೊಡ್ಡ ಅನುಮಾನ ಇದೇ.

ಮಾಡಿದರೆ ಆಗುತ್ತದೆ ಎಂಬುದಕ್ಕೆ ಸಾಕ್ಷಿ ಅದೇ ಊರಿನಲ್ಲಿದೆ. ಕನ್ನಂಕುರಿಚ್ಚಿಯ ಮೂಕ್ಕನೇರಿ ಏರ್ಕಾಡು ಬೆಟ್ಟದ ನೀರು ತುಂಬುವ ಕೆರೆ, ಹೂಳು ಕಸ ಕೂಡಿ ಸಾಯುತ್ತಿತ್ತು. 2010ರಲ್ಲಿ ಸೇಲಂ ನಾಗರಿಕರ ವೇದಿಕೆಯವರು ಜನರಿಂದ ಹಣ ಎತ್ತಿ ಹೂಳು ತೆಗೆಸಿದರು. ತೆಗೆದ ಹೂಳನ್ನು ಲಾರಿಯಲ್ಲಿ ಹೊರಸಾಗಿಸುವ ಬದಲು ಕೆರೆಯೊಳಗೇ ನಡುಗಡ್ಡೆಗಳಾಗಿ ಪೇರಿಸಿ ಗಿಡ ನೆಟ್ಟರು. ಹಕ್ಕಿಗಳು ಬಂದವು. ಸುತ್ತ ಬೇಲಿ ಹಾಕಿ, ಕಾರಂಜಿ ಕೂರಿಸಿ, ಟಿಕೆಟ್ ಹರಿಯುವ ನಮ್ಮ ಕೆರೆ ಅಭಿವೃದ್ಧಿಯ ಮಾದರಿಗಿಂತ ಇದು ನೂರು ಪಾಲು ಮೇಲು.

ನೆರೆಯ ಧರ್ಮಪುರಿಯಿಂದ ನೋಡಿದರೆ ಮಾತ್ರ ಬೇರೆಯೇ ಚಿತ್ರ. 1965ರವರೆಗೂ ಸೇಲಂ ಜಿಲ್ಲೆಯೊಳಗೇ ಇದ್ದ ಸೀಮೆ ಅದು. ತೊಪ್ಪೂರು ಘಾಟಿ ಇಳಿದರೆ ಸೇಲಂ ಅರವತ್ತೈದು ಕಿಲೋಮೀಟರಿನ ಆಸುಪಾಸು, ಬೆಂಗಳೂರು ಅದಕ್ಕೆ ಇಮ್ಮಡಿ. ಆದರೂ ಧರ್ಮಪುರಿ ಜಿಲ್ಲೆಯ ಪೆನ್ನಾಗರದ ಹುಡುಗ ಡಿಪ್ಲೊಮಾ ಮುಗಿಸಿದರೆ ಹತ್ತುವುದು ಬೆಂಗಳೂರಿನ ಬಸ್ಸನ್ನೇ. ಗಾರೆ ಕೆಲಸಕ್ಕೆ ಹೊರಡುವ ಅವನ ಮಾವನೂ ಅದೇ ಬಸ್ಸಿನಲ್ಲಿರುತ್ತಾನೆ. ಸೇಲಂನಲ್ಲಿ ಸರ್ಕಾರಿ ಸಂಸ್ಥೆ ಎಲ್ಕಾಟ್‌ನ ಐಟಿ ಪಾರ್ಕ್ ಇದೆ, ಕಂಜಮಲೆಯ ಬುಡದಲ್ಲಿ ಉಕ್ಕಿನ ಕಾರ್ಖಾನೆ ಇದೆ, ಆದರೂ ಅವನಿಗೆ ಸಾಲುವಷ್ಟು ಕೆಲಸ ಅಲ್ಲಿಲ್ಲ. ಮಗ್ಗ, ಬೆಳ್ಳಿ, ಊರಿನ ಇನ್ನೆರಡು ದಂಧೆಗಳಾದ ಸಬ್ಬಕ್ಕಿ, ಲಾರಿ, ಇವು ಆಯಾ ಕುಲದವರನ್ನೂ ನೆಂಟರನ್ನೂ ಒಳಗೆ ಬಿಟ್ಟುಕೊಳ್ಳುವಷ್ಟು ಸಲೀಸಾಗಿ ಹೊರಗಿನವರನ್ನು ಬಿಟ್ಟುಕೊಳ್ಳವು. ಬೆಂಗಳೂರು ಇವನನ್ನು ಊರು ಯಾವುದು, ಮನೆತನ ಯಾವುದು ಎಂದು ಕೇಳದೆ ಕೆಲಸಕ್ಕೆ ಹಚ್ಚುತ್ತದೆ, ಒಂದೇ ಕೋಣೆಯಲ್ಲಿ ಐದು ಜನರನ್ನು ಮಲಗಿಸಿಯಾದರೂ. ಹುಟ್ಟಿದವರಿಗೆ ಸೇಲಂ ಒಳ್ಳೆಯ ಊರು. ಬಂದು ನೆಲೆಸಬೇಕೆನ್ನುವವನಿಗೆ ಅದು ಇನ್ನೂ ಬಾಗಿಲು ಪೂರ್ತಿ ತೆರೆದಿಲ್ಲ, ಮತ್ತು ಸೂಚ್ಯಂಕದಲ್ಲಿ ಆರ್ಥಿಕ ಶಕ್ತಿಗಿಟ್ಟ ಆ 15 ಅಂಕದ ಕಲಂ ಇದನ್ನು ಕೇಳಿಯೇ ಇಲ್ಲ.