ಮೂರು ಲಕ್ಷದ ಕಿಟಕಿ

"ಈ ಕ್ಯಾಮೆರಾ ತಗೊಂಡ ಮೇಲೆ ನನ್ನ ಫೋಟೋಗ್ರಫಿ ಎಷ್ಟೋ ಸುಧಾರಿಸಿದೆ ಗುರೂ." ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕಲ್ಲೋ ಅವೆನ್ಯೂ ರಸ್ತೆಯಲ್ಲೋ ಕ್ಯಾಮೆರಾ ನೇತುಹಾಕಿಕೊಂಡು ಓಡಾಡುವ ನಮ್ಮಂಥವರ ಗುಂಪಲ್ಲಿ ಈ ಮಾತು ತಿಂಗಳಿಗೊಮ್ಮೆಯಾದರೂ ಕಿವಿಗೆ ಬೀಳುತ್ತೆ. ಹೇಳುವವರು ಸುಳ್ಳು ಹೇಳ್ತಿದ್ದಾರೆ ಅಂತಲ್ಲ. ಆದರೆ ಸಾಲ ಮಾಡಿ ಟ್ರ್ಯಾಕ್ಟರ್ ತಂದವನು ಮೊದಲ ವರ್ಷವೇ "ಉಳುಮೆ ಮೊದಲಿನಷ್ಟೇ ಇದೆ" ಅಂದಿದ್ದನ್ನ ನಾನಂತೂ ನಮ್ಮೂರಲ್ಲಿ ಕೇಳಿಲ್ಲ. ದುಡ್ಡು ಕೊಟ್ಟವನ ಸಾಕ್ಷಿಯನ್ನ ಹಾಗೇ ತಗೊಳ್ಳೋಕಾಗಲ್ಲ. ಹಾಗಾದರೆ ಸುಧಾರಿಸಿದೆಯೋ ಇಲ್ಲವೋ ಅಂತ ಇನ್ನೆಂಗೆ ನೋಡೋದು?

2010ರ ಸಂಕ್ರಾಂತಿಯಿಂದ ಎರಡು ತಿಂಗಳು ನನ್ನ ಕೈಯಲ್ಲಿ ಒಂದು ಲೈಕಾ ಎಂ9 ಇತ್ತು. ನನ್ನದಲ್ಲ. ಟೀಮಿನ ಗೆಳೆಯನದು. ಮದುವೆಗೆ ಮುಂಚೆ ತಗೊಂಡಿದ್ದ, ಮದುವೆಯಾದ ಮೇಲೆ ಅದರ ಬೆಲೆಯನ್ನ ಮನೆಯಲ್ಲಿ ಹೇಳೋ ಧೈರ್ಯ ಬಂದಿಲ್ಲ. ಅಷ್ಟರಲ್ಲಿ ಆನ್‌ಸೈಟ್ ಬಂತು, "ನಿನ್ನ ಹತ್ರ ಇರಲಿ" ಅಂತ ಕೊಟ್ಟು ಹೋದ. 2009ರ ಸೆಪ್ಟೆಂಬರ್ 9ರಂದು ಬಿಡುಗಡೆಯಾದ ಕ್ಯಾಮೆರಾ ಇದು. ಆಗ ಬಾಡಿಗೆ ಮಾತ್ರ 6,995 ಡಾಲರ್, ಅಂದ್ರೆ ಆಗಿನ ಲೆಕ್ಕದಲ್ಲಿ ಸುಮಾರು ಮೂರು ಲಕ್ಷ ಇಪ್ಪತ್ತು ಸಾವಿರ ರೂಪಾಯಿ ಇತ್ತು. ಲೆನ್ಸ್ ಬೇರೆ. ಬಾಡಿ ತಗೊಂಡ ಮೇಲೆ ಲೈಕಾ ಲೆನ್ಸಿಗೆ ಕಾಸು ಉಳಿಯದೆ ಅವನು ಹಾಕಿದ್ದು ಜಪಾನಿನ ಕೊಸಿನಾ ಮಾಡುವ ವಾಯ್ಟ್‌ಲ್ಯಾಂಡರ್ 35 ಎಂಎಂ.

ಡಿಜಿಟಲ್ ರೇಂಜ್‌ಫೈಂಡರ್ ಇದೇ ಮೊದಲಲ್ಲ. 2004ರಲ್ಲಿ ಎಪ್ಸನ್‌ನವರ ಆರ್-ಡಿ1 ಬಂದಿತ್ತು. ರೀಲಿಲ್ಲದಿದ್ದರೂ ಪ್ರತಿ ಚಿತ್ರಕ್ಕೂ ಹಳೇ ಕ್ಯಾಮೆರಾ ಥರ ಹಿಡಿಕೆ ಎಳೆದು ಶಟರ್ ಸಜ್ಜು ಮಾಡಬೇಕಾದ ಮಜಾ ಯಂತ್ರ ಅದು. 2006ರಲ್ಲಿ ಲೈಕಾ ಎಂ8 ಬಂತು. ಅದರಲ್ಲಿ ಕಪ್ಪು ಸಿಂಥೆಟಿಕ್ ಬಟ್ಟೆ ಬದನೆಕಾಯಿ ಬಣ್ಣಕ್ಕೆ ತಿರುಗಿ, ಕಂಪನಿಯೇ ಲೆನ್ಸಿನ ಮುಂದೆ ಹಾಕಿಕೊಳ್ಳೋಕೆ ಫಿಲ್ಟರ್ ಹಂಚಬೇಕಾಯ್ತು. ಎಂ9ರಲ್ಲಿ ಆ ರಗಳೆ ಇಲ್ಲ. ಹಳೇ ರೀಲಿನ ಅಳತೆಯ ಪೂರ್ತಿ ಸೆನ್ಸರ್, 18 ಮೆಗಾಪಿಕ್ಸೆಲ್. ಆ ಅಳತೆಯ ಸೆನ್ಸರ್ ಇರುವ ಮೊದಲ ಡಿಜಿಟಲ್ ರೇಂಜ್‌ಫೈಂಡರ್ ಇದೇ.

ರೇಂಜ್‌ಫೈಂಡರ್ ಅಂದ್ರೇನು ಅಂತ ಕೇಳುವವರಿಗೆ ಒಂದು ಮಾತು. ಹೆಬ್ಬೆರಳನ್ನ ಮೂಗಿನ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಬೆರಳು ಆ ಕಡೆ ಈ ಕಡೆ ನೆಗೆಯುತ್ತೆ. ಬೆರಳು ದೂರ ಹೋದಷ್ಟೂ ನೆಗೆತ ಕಮ್ಮಿ. ಕ್ಯಾಮೆರಾದ ಮುಂದೆ ಎರಡು ಕಿಟಕಿಗಳಿವೆ, ಎರಡು ಕಣ್ಣಿನ ಹಾಗೆ. ಎರಡರ ಬಿಂಬವೂ ವ್ಯೂಫೈಂಡರಿನ ಮಧ್ಯದಲ್ಲಿ ಒಂದರ ಮೇಲೊಂದು ಬೀಳುತ್ತೆ. ಲೆನ್ಸ್ ತಿರುಗಿಸ್ತಾ ಎರಡು ಬಿಂಬ ಒಂದಾಯ್ತು ಅಂದ್ರೆ ಫೋಕಸ್ ಆಯ್ತು. ಸರ್ವೆಯವರು ಹೊಲದ ದೂರ ಅಳೆಯುವ ತ್ರಿಕೋನದ ಲೆಕ್ಕವೇ. ಮುಖ್ಯವಾದದ್ದೇನಂದ್ರೆ ಇಲ್ಲಿ ನೀವು ಲೆನ್ಸಿನ ಮೂಲಕ ನೋಡ್ತಾ ಇಲ್ಲ, ಪಕ್ಕದ ಕಿಟಕಿಯಿಂದ ನೋಡ್ತಾ ಇದ್ದೀರಿ. ಲೆನ್ಸಿಗೆ ಮುಚ್ಚಳ ಹಾಕಿದ್ದರೂ ನಿಮಗೆ ಜಗತ್ತು ಚೆನ್ನಾಗೇ ಕಾಣುತ್ತೆ! ಯಾವುದು ಮಸುಕಾಗುತ್ತೆ, ಯಾವುದು ಹರಿತವಾಗಿರುತ್ತೆ ಅನ್ನೋದೂ ಕಾಣಲ್ಲ. ಚಿತ್ರ ಎಲ್ಲಿಂದ ಎಲ್ಲಿವರೆಗೆ ಅಂತ ತೋರಿಸೋಕೆ ಬಿಳಿ ಗೆರೆಯ ಚೌಕಟ್ಟು ಮಾತ್ರ ಇರುತ್ತೆ, ಅದರಾಚೆಗೂ ಲೋಕ ಮುಂದುವರಿದಿರುತ್ತೆ. ಈ ಕೊನೇ ವಿಷಯಕ್ಕೆ ಆಮೇಲೆ ಬರ್ತೀನಿ.

ವಿಮರ್ಶೆ ಬರೆಯುವವರು ಇದನ್ನ ಎರಡು ಥರ ಅಳೀತಾರೆ. ಒಂದು ಪಂಗಡ ಇಟ್ಟಿಗೆ ಗೋಡೆಯ ಫೋಟೋ ತೆಗೆದು ಮೂಲೆಯನ್ನ ಹಿಗ್ಗಿಸಿ ಎಷ್ಟು ಹರಿತ ಅಂತ ನೋಡುತ್ತೆ. ಇನ್ನೊಂದು ಪಂಗಡ ಆತ್ಮ, ಧ್ಯಾನ, ಲೈಕಾದ ಹೊಳಪು ಅಂತೆಲ್ಲ ಬರೆದು ಕೆಳಗೆ ಕಾಫಿ ಕಪ್ಪಿನ ಕಪ್ಪು-ಬಿಳುಪು ಫೋಟೋ ಹಾಕುತ್ತೆ. ಮೊದಲನೆಯವರು ಕ್ಯಾಮೆರಾ ಅಳೀತಾರೆ, ಸರಿ, ಅದು ಅವರ ಕೆಲಸ. ಎರಡನೆಯವರು ತಮ್ಮ ಖುಷಿ ಅಳೀತಾರೆ. ಫೋಟೋಗ್ರಫಿಯನ್ನ ಇಬ್ಬರೂ ಅಳೆಯಲ್ಲ. ಕಾಫಿ ಕಪ್ಪು ಮೊದಲೂ ಕಾಫಿ ಕಪ್ಪೇ ಆಗಿತ್ತು.

ನನ್ನ ಅನುಭವಕ್ಕೆ ಬರ್ತೀನಿ. ನನ್ನ ಮಾಮೂಲಿ ಕ್ಯಾಮೆರಾ ನಿಕಾನ್ ಡಿ90, ಅದರ ಮೇಲೆ ಹೆಚ್ಚಾಗಿ ಇರುತ್ತಿದ್ದದ್ದು 70-300 ಜೂಮ್. ಕೆ.ಆರ್. ಮಾರ್ಕೆಟ್ಟಿನಲ್ಲಿ ಕಂಬದ ಮರೆಯಲ್ಲಿ ನಿಂತು ಇಪ್ಪತ್ತು ಅಡಿ ಆಚೆಯ ಅಜ್ಜಿಯ ಸುಕ್ಕುಗಳನ್ನ ಎಣಿಸುವ ಥರದ ಚಿತ್ರಗಳು. ಇವನ್ನ ನೀವೂ ನೋಡಿದ್ದೀರಿ, ನಮ್ಮ ಊರಿನ ಎಲ್ಲ ವೀಕೆಂಡ್ ಫೋಟೋಗ್ರಾಫರುಗಳ ಹತ್ತಿರವೂ ಇವೆ. ಎಂ9ರಲ್ಲಿ ಇದು ಸಾಧ್ಯವೇ ಇಲ್ಲ. 35 ಎಂಎಂ ಲೆನ್ಸಲ್ಲಿ ಮುಖ ಕಾಣಬೇಕಂದ್ರೆ ನಾಲ್ಕೈದು ಅಡಿ ಹತ್ತಿರ ಹೋಗಬೇಕು. ಮೊದಲ ದಿನವೇ ಕನಕಾಂಬರ ಕಟ್ಟುತ್ತಿದ್ದ ಹೆಂಗಸು ತಲೆ ಎತ್ತಿ "ಏನ್ ಸ್ವಾಮಿ, ಪೇಪರ್‌ನೋರಾ?" ಅಂದಳು. ಅಲ್ಲಮ್ಮ ಅಂದೆ. "ಮತ್ತ್ಯಾಕೆ?" ಅಂದಳು. ಜೂಮ್ ಹಿಡಿದ ಮೂರು ವರ್ಷದಲ್ಲಿ ಈ ಪ್ರಶ್ನೆಯನ್ನ ನನಗೆ ಯಾರೂ ಕೇಳಿರಲಿಲ್ಲ, ಕೇಳುವಷ್ಟು ಹತ್ತಿರ ನಾನು ಹೋಗಿರಲಿಲ್ಲ. ಆ ದಿನದ ಚಿತ್ರದಲ್ಲಿ ಅವಳ ಮುಖ ಮಾತ್ರ ಅಲ್ಲ, ಮೊಣಕಾಲಿಗೆ ಸುತ್ತಿಕೊಂಡ ದಾರ, ಪಕ್ಕದ ಬುಟ್ಟಿ, ಹಿಂದೆ ಮಲಗಿದ್ದ ಮಗು, ಎಲ್ಲ ಇತ್ತು. ಎರಡು ವಾರದಲ್ಲಿ ನನಗೂ ಅನ್ನಿಸಿತು, ಸುಧಾರಿಸಿದೆ ಗುರೂ.

ಆದರೆ ಏನು ಸುಧಾರಿಸಿದ್ದು? ಕೆಲಸದಲ್ಲಿ ದಿನಾ ನೋಡ್ತೀವಿ. ಒಂದೇ ಸಲ ನಾಲ್ಕು ಬದಲಾವಣೆ ಹಾಕಿ ಪ್ರೋಗ್ರಾಂ ಬೇಗ ಓಡಿತು ಅಂದ್ರೆ ಯಾವುದರಿಂದ ಅಂತ ಹೇಳೋಕಾಗಲ್ಲ. ಇಲ್ಲಿ ಬದಲಾದದ್ದು ಕ್ಯಾಮೆರಾ, ಲೆನ್ಸಿನ ಕೋನ, ನಿಂತ ದೂರ, ಜೊತೆಗೆ ಹೊಸ ಸಾಮಾನಿನ ಉತ್ಸಾಹ. ಡಿ90ರ ಸೆನ್ಸರ್ ಚಿಕ್ಕದು, ಹಾಗಾಗಿ ಅದರಲ್ಲಿ 24 ಎಂಎಂ ಹಾಕಿದರೆ ಎಂ9ರ 35ರ ಕೋನವೇ ಬರುತ್ತೆ. ಕ್ಯಾಮೆರಾ ಜೊತೆ ಬಂದಿದ್ದ 18-105 ಲೆನ್ಸನ್ನ 24ಕ್ಕೆ ತಿರುಗಿಸಿ ಎಲೆಕ್ಟ್ರೀಷಿಯನ್ ಟೇಪ್ ಸುತ್ತಿದೆ, ಜೂಮ್ ಅಲುಗಾಡಬಾರದು ಅಂತ. ಆಮೇಲೆ ಒಂದು ವಾರ ಎಂ9, ಒಂದು ವಾರ ಟೇಪ್ ಸುತ್ತಿದ ಡಿ90, ಅದೇ ಮಾರ್ಕೆಟ್ಟು, ಅದೇ ಊರು. ಹಿಂದಿನ ಸ್ಕ್ರೀನ್ ನೋಡೋದು ಎರಡರಲ್ಲೂ ಬಂದ್. ಎಂ9ರಲ್ಲಿ ಇದು ಕಷ್ಟವಾಗಲಿಲ್ಲ, ಬಿಡಿ. ಮೂರು ಲಕ್ಷದ ಕ್ಯಾಮೆರಾಗೆ ಕೊಟ್ಟಿರೋದು ಎರಡೂವರೆ ಇಂಚಿನ 2,30,000 ಚುಕ್ಕಿಯ ಸ್ಕ್ರೀನು. ನನ್ನ ಡಿ90ಗೆ ಮೂರು ಇಂಚು, 9,20,000 ಚುಕ್ಕಿ ಇದೆ.

ತೆಗೆದವನ್ನ ಆಗಲೇ ನೋಡಿ ತೀರ್ಪು ಕೊಡಲಿಲ್ಲ. ಅಮೆರಿಕದ ಗ್ಯಾರಿ ವಿನೋಗ್ರಾಂಡ್ ಲೈಕಾ ಹಿಡಿದು ಬೀದಿ ಬೀದಿ ಅಲೆದವನು. ರೀಲನ್ನ ತೊಳೆಯದೆ ವರ್ಷಗಟ್ಟಲೆ ಹಾಗೇ ಇಡುತ್ತಿದ್ದ. ತೆಗೆಯುವಾಗಿನ ಖುಷಿ ಆರಿದ ಮೇಲೆ ನೋಡಿದರೆ ಚಿತ್ರ ಮಾತ್ರ ಕಾಣುತ್ತೆ ಅನ್ನೋದು ಅವನ ಲೆಕ್ಕ. 1984ರಲ್ಲಿ ಅವನು ಸತ್ತಾಗ ಸುಮಾರು 2,500 ರೀಲುಗಳು ತೊಳೆಯದೆ ಉಳಿದಿದ್ದವು. ಅಷ್ಟು ಅತಿ ಬೇಡ. ಆದರೆ ತಿಪಟೂರು ಸೀಮೆಯವನಾದ ನನಗೆ ಈ ಕಾಯುವಿಕೆ ಹೊಸದೇನಲ್ಲ. ತೆಂಗಿನಕಾಯಿಯನ್ನ ಅಟ್ಟಕ್ಕೆ ಹಾಕಿದರೆ ಕೊಬ್ಬರಿಯಾಗೋಕೆ ಹತ್ತಿರ ಹತ್ತಿರ ವರ್ಷ ಬೇಕು. ನಡುವೆ ಒಡೆದು ನೋಡೋ ಹಾಗಿಲ್ಲ. ಅಪ್ಪ ಆಗಾಗ ಒಂದನ್ನ ಕಿವಿ ಹತ್ತಿರ ಅಲ್ಲಾಡಿಸಿ, ನೀರಿನ ಸದ್ದು ಬಂದ್ರೆ ವಾಪಸ್ ಇಡ್ತಾರೆ. ನಾನು ಆರು ತಿಂಗಳು ಫೈಲುಗಳನ್ನ ತೆಗೆಯಲಿಲ್ಲ.

ಗೌರಿ ಹಬ್ಬಕ್ಕೆ ಊರಿಗೆ ಹೋಗುವಾಗ ಅವುಗಳಿಂದ ನಲವತ್ತು ಚಿತ್ರ ಆರಿಸಿ, ಎಲ್ಲವನ್ನೂ ಒಂದೇ ಅಳತೆಗೆ ತಂದು, ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿದೆ. ಹದಿನೈದು ಎಂ9, ಹದಿನೈದು ಟೇಪಿನ ಡಿ90, ಹತ್ತು ಹಳೇ ಜೂಮಿನವು. ಹಿಂದೆ ಪೆನ್ಸಿಲಿನಲ್ಲಿ ಬರೀ ನಂಬರು. ಅವ್ವನ ಮುಂದೆ ಹರಡಿ ಚೆನ್ನಾಗಿರೋ ಹತ್ತು ಆರಿಸು ಅಂದೆ. ಅವ್ವ ಮೊದಲು ಒಂದಷ್ಟನ್ನ ಪಕ್ಕಕ್ಕೆ ಸರಿಸಿದಳು. "ಇವೆಲ್ಲಾ ಅವರ್ಗೆ ಗೊತ್ತಿಲ್ದಂಗೆ ತೆಗ್ದಿರೋವು ಕಣಪ್ಪ." ಜೂಮಿನ ಹತ್ತರಲ್ಲಿ ಒಂಬತ್ತು ಆ ರಾಶಿಯಲ್ಲಿದ್ದವು. ಉಳಿದವುಗಳಲ್ಲಿ ಆರಿಸಿದ ಹತ್ತರಲ್ಲಿ ಆರು ಎಂ9, ನಾಲ್ಕು ಡಿ90. ಲೈಕಾ ಗೆದ್ದಿತು ಅಂತ ಗೆಳೆಯನಿಗೆ ಹೇಳಬಹುದಿತ್ತು. ಆದರೆ ಹತ್ತಕ್ಕೆ ಆರು-ನಾಲ್ಕು ಅನ್ನೋದು ನಾಣ್ಯ ಚಿಮ್ಮಿದರೂ ಬರುವ ಫಲಿತಾಂಶ. ಅವ್ವನಿಗೆ ಕಂಡ ವ್ಯತ್ಯಾಸ ದೂರದ್ದು. ಆ ಸುಧಾರಣೆಗೆ ಆದ ಖರ್ಚು ಹತ್ತು ರೂಪಾಯಿ ಟೇಪು.

ಇಲ್ಲಿ ಯಾರಾದರೂ ಕಾರ್ಟಿಯೆ-ಬ್ರೆಸ್ಸೋನನ್ನ ಎಳೆದು ತರ್ತಾರೆ, ಯಾವಾಗಲೂ ತರ್ತಾರೆ. ತರಲಿ. 1948ರ ಜನವರಿ 30ರ ರಾತ್ರಿ ಬಿರ್ಲಾ ಹೌಸಿನ ಗೇಟಿನ ಬಳಿ ನೆಹರೂ ಗಾಂಧೀಜಿಯ ಸಾವನ್ನ ಜನಕ್ಕೆ ಹೇಳ್ತಿರುವ ಅವನ ಚಿತ್ರ ನೋಡಿ. ಕತ್ತಲು, ದೀಪದ ಬೆಳಕು, ಮಸುಕು. ಇಟ್ಟಿಗೆ ಗೋಡೆ ಪಂಗಡದವರು ಅದನ್ನ ಡಿಲೀಟ್ ಮಾಡಿಬಿಡ್ತಾರೆ. 1932ರಲ್ಲಿ ಪ್ಯಾರಿಸ್ಸಿನ ಸ್ಟೇಷನ್ ಹಿಂದೆ ನೀರಿನ ಮೇಲೆ ಹಾರುತ್ತಿರುವ ಮನುಷ್ಯನ ಚಿತ್ರವಂತೂ ಬೇಲಿಯ ಸಂದಿಯಿಂದ ತೆಗೆದದ್ದು, ಬೇಲಿ ಅಡ್ಡ ಬಂದ ಭಾಗವನ್ನ ಆಮೇಲೆ ಕತ್ತರಿಸಿದ್ದಾರೆ. ಕತ್ತರಿಸಬಾರದು ಅನ್ನುತ್ತಿದ್ದವನದ್ದೇ ಪ್ರಸಿದ್ಧ ಚಿತ್ರದ ಕಥೆ ಇದು. ಅಷ್ಟು ದೂರ ಯಾಕೆ, 2009ರ ಡಿಸೆಂಬರಿನಲ್ಲಿ ತೀರಿಕೊಂಡ ಮೈಸೂರಿನ ಟಿ. ಎಸ್. ಸತ್ಯನ್ ಅವರ ಮಕ್ಕಳ ಚಿತ್ರಗಳನ್ನ ನೋಡಿದವರು ಆ ಮಗು ಯಾರದು, ಯಾವ ಊರು ಅಂತ ಯೋಚಿಸ್ತಾರೆ. ಲೆನ್ಸ್ ಯಾವುದು ಅಂತ ಅಲ್ಲ.

ಹಾಗಾದ್ರೆ ರೇಂಜ್‌ಫೈಂಡರ್ ಅನ್ನೋದು ಬರೀ ಶೋಕಿಯಾ? ಪೂರ್ತಿ ಹಾಗನ್ನೋಕೂ ಮನಸ್ಸಿಲ್ಲ. ನಲವತ್ತರಲ್ಲಿ ಒಂದು ಚಿತ್ರ ಇದೆ, ಡಿ90ರಲ್ಲಿ ನನಗೆ ಸಿಗುತ್ತಿರಲಿಲ್ಲ ಅಂತ ಬಲವಾಗಿ ಅನ್ನಿಸುವಂಥದ್ದು. ನಮ್ಮ ಕಡೆ ರಾಗಿ ಒಕ್ಕಣೆಗೆ ಈಗ ಕಣ ಮಾಡೋರು ಕಮ್ಮಿ. ಟಾರ್ ರೋಡಿನ ಮೇಲೆ ತೆನೆ ಹರಡ್ತಾರೆ, ಬಸ್ಸು ಲಾರಿ ಅದರ ಮೇಲೆ ಹಾದು ಪುಕ್ಕಟೆ ಒಕ್ಕಣೆ ಆಗುತ್ತೆ. ಚಿಕ್ಕಮ್ಮ ಮರ ಹಿಡಿದು ಗಾಳಿಗೆ ತೂರ್ತಾ ಇದ್ದರು. ಬಿಳಿ ಗೆರೆಯ ಚೌಕಟ್ಟಿನಲ್ಲಿ ಅವರೊಬ್ಬರೇ. ಆದರೆ ಗೆರೆಯಾಚೆ, ಎಡಕ್ಕೆ, ಸೈಕಲ್ಲಿನ ಹುಡುಗನೊಬ್ಬ ಹೊಟ್ಟಿನ ಧೂಳಿಗೆ ಕಣ್ಣು ಮುಚ್ಚಿಕೊಂಡೇ ತುಳಿದು ಬರ್ತಿರೋದು ಕಾಣ್ತಿತ್ತು. ಲೆನ್ಸನ್ನ ಮೂರು ಮೀಟರಿಗೆ, ಎಫ್/8ಕ್ಕೆ ಇಟ್ಟಿದ್ದೆ. ಹಾಗಿಟ್ಟರೆ ಹೆಚ್ಚುಕಮ್ಮಿ ಎರಡು ಮೀಟರಿಂದ ಏಳು ಮೀಟರ್‌ವರೆಗೆ ಎಲ್ಲವೂ ಹರಿತ, ಫೋಕಸ್ ಮಾಡುವ ತಾಪತ್ರಯವೇ ಇಲ್ಲ. ಹುಡುಗ ಗೆರೆಯೊಳಗೆ ಬಂದ, ಒತ್ತಿದೆ. ಒತ್ತಿದ ಕ್ಷಣ ಕಿಟಕಿ ಕಪ್ಪಾಗಲೂ ಇಲ್ಲ. ಡಿ90ರಲ್ಲಿ ಚೌಕಟ್ಟಿನಾಚೆ ಕಪ್ಪು, ಒತ್ತಿದ ಕ್ಷಣವೂ ಕಪ್ಪು. ಏನು ಬರ್ತಿದೆ ಅನ್ನೋದು ಬಂದ ಮೇಲೆಯೇ ಗೊತ್ತಾಗೋದು. ಈ ಕಿಟಕಿಯೊಂದು ನಿಜವಾದ ಗುಣ. ಕನ್ನಡಕ ಹಾಕುವವರಿಗೆ 28 ಎಂಎಂನ ಗೆರೆ ಕಾಣೋದು ಕಷ್ಟ, ಆದ್ರೆ 35ಕ್ಕೆ ಧಾರಾಳವಾಗಿ ಜಾಗ ಇದೆ.

ಉಳಿದ ಹೊಗಳಿಕೆಗಳು ನನ್ನ ಕೈಗೆ ದಕ್ಕಲಿಲ್ಲ. ಚಿಕ್ಕದು, ಹಗುರ ಅಂತಾರೆ. ಬ್ಯಾಟರಿ ಸೇರಿ 585 ಗ್ರಾಂ, ಬರೀ ಬಾಡಿ ಲೆಕ್ಕದಲ್ಲಿ ಡಿ90ಗೂ ಇದಕ್ಕೂ ಅಂಥ ಅಂತರವೇನಿಲ್ಲ, ಹಗುರಾಗೋದು ಲೆನ್ಸು. ಸದ್ದಿಲ್ಲ ಅಂತಾರೆ. ರೀಲಿನ ಲೈಕಾಗಳ ಬಗ್ಗೆ ಆ ಮಾತು ಸರಿ ಇರಬಹುದು, ಇದರಲ್ಲಿ ಶಟರ್ ಬಿದ್ದ ಮೇಲೆ ಮೋಟರು ಚುರ್ ಅನ್ನುತ್ತೆ. ಐಎಸ್‌ಒ 2500ಕ್ಕೆ ನಿಲ್ಲುತ್ತೆ, 1600ಕ್ಕೇ ಅಟ್ಟದ ಕತ್ತಲಲ್ಲಿ ಅಪ್ಪನ ಮುಖದ ಮೇಲೆ ಮರಳು ಎರಚಿದ ಹಾಗಿತ್ತು. ಅದೇ ಅಟ್ಟದಲ್ಲಿ ಡಿ90 ಚೆನ್ನಾಗಿತ್ತು. 70 ಸೆಂಟಿಮೀಟರಿಗಿಂತ ಹತ್ತಿರ ಫೋಕಸ್ ಆಗಲ್ಲ, ಅಣ್ಣನ ಮಗಳು ಓಡಿ ಬಂದು ಲೆನ್ಸಿಗೆ ಮೂಗು ತಾಗಿಸಿದರೆ ಏನೂ ಮಾಡೋಕಾಗಲ್ಲ. ಹಕ್ಕಿ ತೆಗೆಯೋರಂತೂ ಈ ಕಡೆ ತಲೆನೇ ಹಾಕಬೇಡಿ, ಗೆರೆಗಳು 135 ಎಂಎಂಗೆ ಮುಗಿದವು.

ಈಗಾಗಲೇ 35ರಲ್ಲೋ 50ರಲ್ಲೋ ಒಂದೇ ಲೆನ್ಸಿಟ್ಟು ವರ್ಷಗಟ್ಟಲೆ ತೆಗೆದವರು, ಆ ಕಪ್ಪು ಚೌಕಟ್ಟು ತಮಗೆ ಅಡ್ಡ ಬರ್ತಿದೆ ಅಂತ ಹೆಸರಿಟ್ಟು ಹೇಳಬಲ್ಲವರು, ಜೊತೆಗೆ ಅಷ್ಟು ದುಡ್ಡು ಇರುವವರು ತಗೊಳ್ಳಲಿ. ಹಾಗಿಲ್ಲದೆ ಚಿತ್ರ ಸುಧಾರಿಸಲಿ ಅಂತ ತಗೊಳ್ಳೋರು ಮೊದಲು ಎರಡು ತಿಂಗಳು ಇರೋ ಜೂಮಿಗೇ ಟೇಪು ಸುತ್ತಿ ನೋಡಿ. ಗೆಳೆಯ ಆನ್‌ಸೈಟಿಂದ ಬಂದಾಗ ಕ್ಯಾಮೆರಾ ಜೊತೆ ರಾಗಿ ಒಕ್ಕಣೆಯ ಒಂದು ಪ್ರಿಂಟನ್ನೂ ಕೊಟ್ಟೆ. ಮನೆಯಲ್ಲಿ ಬೆಲೆ ಹೇಳೋಕೆ ಉಪಯೋಗಕ್ಕೆ ಬರಬಹುದು ಅಂತ. ಇನ್ನೂ ಹೇಳಿಲ್ಲವಂತೆ.