ಆಲೂರು ವೆಂಕಟರಾಯರ ರಾಷ್ಟ್ರಕಾರ್ಯವೂ ತುಮಕೂರು ಸೀಮೆಯ ಸಾಕ್ಷ್ಯವೂ

ರಾಷ್ಟ್ರಪುರುಷರ ಚರಿತ್ರವನ್ನು ವಿಮರ್ಶಿಸುವವರು ಅವರು ಏರಿದ ಅಧಿಕಾರಪೀಠವನ್ನೇ ಅಳತೆಗೋಲಾಗಿ ಹಿಡಿಯುವುದು ಲೋಕರೂಢಿ. ಆ ಕೋಲಿನಿಂದ ಅಳೆದರೆ ಆಲೂರು ವೆಂಕಟರಾಯರ (1880–1964) ರಾಜಕೀಯಜೀವನವು ಅಲ್ಪವೆಂದೇ ತೋರುವುದು. ಅವರು ಮಂತ್ರಿಪದವಿಯನ್ನು ಪಡೆದವರಲ್ಲ. ಜೀವಮಾನವೆಲ್ಲ ಬೋಧಿಸಿದ ಏಕೀಕರಣವು 1956ರ ನವೆಂಬರ್ 1ರಂದು ಸಿದ್ಧಿಸಿದಾಗ ಆ ರಾಜ್ಯವು ಮೈಸೂರೆಂಬ ಹೆಸರನ್ನೇ ಧರಿಸಿತ್ತು. ಕರ್ನಾಟಕವೆಂಬ ನಾಮಧೇಯವು ದೊರೆತುದು 1973ರಲ್ಲಿ, ಅವರು ಗತಿಸಿದ ಒಂಬತ್ತು ವರ್ಷಗಳ ಮೇಲೆ. ಹೀಗಿದ್ದರೂ ಕನ್ನಡಿಗರು ಅವರನ್ನು ಕುಲಪುರೋಹಿತರೆಂದು ಕರೆದರು. ಈ ಬಿರುದು ಅರ್ಥಗರ್ಭಿತವಾದುದು. ಪುರೋಹಿತನೆಂದರೆ ಮುಂದೆ ಇರಿಸಲ್ಪಟ್ಟವನು. ಯಜ್ಞವನ್ನು ನಡೆಯಿಸುವವನು ಅವನಾದರೂ ಫಲವು ಯಜಮಾನನದು. ಆದುದರಿಂದ ಇಲ್ಲಿ ವಿಚಾರಿಸತಕ್ಕುದು ಅವರಿಗೆ ದೊರೆತ ಫಲವೇನೆಂಬುದಲ್ಲ. ಅವರು ಹೇಳಿಸಿದ ಸಂಕಲ್ಪದಲ್ಲಿ ಯಜಮಾನರೆಲ್ಲರೂ ಸೇರಿದ್ದರೇ ಎಂಬುದು.

ವಿಜಾಪುರದಲ್ಲಿ ಜನಿಸಿ, ಪುಣೆಯಲ್ಲಿ ವ್ಯಾಸಂಗಮಾಡಿ, ಧಾರವಾಡದಲ್ಲಿ ವಕೀಲವೃತ್ತಿಯನ್ನು ಕೈಗೊಂಡ ವೆಂಕಟರಾಯರು ತಿಲಕರ ಪ್ರಭಾವಕ್ಕೆ ಒಳಗಾದವರು. 1905ರಲ್ಲಿ ಹಂಪೆಯ ಭಗ್ನಾವಶೇಷಗಳನ್ನು ಕಂಡುದು ಅವರ ಬಾಳಿನ ದಿಕ್ಕನ್ನೇ ತಿರುಗಿಸಿತು. ವಾಗ್ಭೂಷಣ ಪತ್ರಿಕೆಯ ಸಂಪಾದನೆ, 1917ರ ‘ಕರ್ನಾಟಕ ಗತವೈಭವ’, 1922ರ ಜಯಕರ್ನಾಟಕ, ಇವೆಲ್ಲವೂ ಆ ಒಂದು ದರ್ಶನದ ಶಾಖೆಗಳು. 1920ರ ನಾಗಪುರ ಕಾಂಗ್ರೆಸ್ಸು ಭಾಷಾನುಸಾರವಾದ ಪ್ರಾಂತಿಕ ಸಮಿತಿಗಳನ್ನು ಅಂಗೀಕರಿಸಿತಷ್ಟೆ. ಕರ್ನಾಟಕವು ಪ್ರತ್ಯೇಕ ಪ್ರಾಂತವೆಂಬ ಬುದ್ಧಿಯನ್ನು ಅದಕ್ಕೆ ಮುಂಚೆಯೇ ಜನರಲ್ಲಿ ಬಿತ್ತಿದವರಲ್ಲಿ ಇವರು ಅಗ್ರಗಣ್ಯರು.

ಇದೇ ಕಾಲದಲ್ಲಿ ಐರ್ಲೆಂಡಿನಲ್ಲಿ ಆರ್ಥರ್ ಗ್ರಿಫಿತ್ (1871–1922) ಎಂಬ ರಾಷ್ಟ್ರವಾದಿಯು ಇಂತಹುದೇ ಮಾರ್ಗವನ್ನು ತುಳಿದನು. ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದ ಈತನು ಪತ್ರಿಕಾಕರ್ತನಾಗಿ, 1905ರಲ್ಲಿ, ಅಂದರೆ ವೆಂಕಟರಾಯರು ಹಂಪೆಯನ್ನು ಕಂಡ ವರ್ಷದಲ್ಲಿಯೇ, ‘ನಾವೇ’ ಎಂಬರ್ಥದ ಸಿನ್ ಫೇನ್ ಪಕ್ಷಕ್ಕೆ ಅಸ್ತಿಭಾರವನ್ನಿಟ್ಟನು. ಒಬ್ಬರಿಗೆ ವಿಜಯನಗರವು ಹೇಗೋ ಮತ್ತೊಬ್ಬನಿಗೆ 1782ರ ಡಬ್ಲಿನ್ ಶಾಸನಸಭೆಯು ಹಾಗೆ ಆದರ್ಶವಾಯಿತು. ಕಳೆದುಹೋದುದನ್ನು ಸ್ಮರಿಸಿದರೆ ಜನರು ಅದನ್ನು ಮರಳಿ ಬಯಸುವರೆಂಬುದೇ ಇಬ್ಬರ ತರ್ಕ. ಆದರೆ ಉತ್ತರ ಐರ್ಲೆಂಡಿನ ಬಹುಜನರಿಗೆ ತಾವು ಏನನ್ನೋ ಕಳೆದುಕೊಂಡೆವೆಂಬ ವ್ಯಥೆಯೇ ಇರಲಿಲ್ಲ. 1921ರ ಡಿಸೆಂಬರ್ 6ರ ಒಡಂಬಡಿಕೆಗೆ ಗ್ರಿಫಿತ್ ಸಹಿಹಾಕಿದಾಗ ಆರು ಜಿಲ್ಲೆಗಳ ಪ್ರತ್ಯೇಕತೆಯನ್ನು ಅವನು ತಪ್ಪಿಸಲಾರದೆ ಹೋದನು. ಮರುವರ್ಷ ರಾಷ್ಟ್ರಸಭೆಯ ಅಧ್ಯಕ್ಷನಾದರೂ ಆಗಸ್ಟ್ 12ರಂದು ಅಂತರ್ಯುದ್ಧದ ನಡುವೆಯೇ ಮೃತನಾದನು. ನಷ್ಟದ ಅರಿವಿಲ್ಲದವನಿಗೆ ಗತವೈಭವದ ಕಥನವು ಮನಮುಟ್ಟದು.

ಈ ನ್ಯಾಯವನ್ನು ಕನ್ನಡನಾಡಿಗೆ ಅನ್ವಯಿಸಿದರೆ ‘ಗತವೈಭವ’ದ ಬಲವೂ ಕೊರತೆಯೂ ಒಟ್ಟಿಗೆ ಗೋಚರವಾಗುವುವು. ಧಾರವಾಡದ ಕಡೆ ಮರಾಠಿಯ ಪ್ರಾಬಲ್ಯದಿಂದ ಕನ್ನಡವು ಕುಗ್ಗಿದ್ದಿತು. 1890ರಲ್ಲಿ ವಿದ್ಯಾವರ್ಧಕ ಸಂಘವು ಹುಟ್ಟಿದುದೇ ಆ ಸಂಕಟದಿಂದ. ಅಲ್ಲಿಯ ತರುಣನಿಗೆ ಚಾಲುಕ್ಯ, ರಾಷ್ಟ್ರಕೂಟರ ಕಥೆಯು ದಿವ್ಯೌಷಧವಾಯಿತು. ಆದರೆ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ತುಮಕೂರು ಸೀಮೆಯಲ್ಲಿ ಆ ರೋಗವಿರಲಿಲ್ಲ. ಕನ್ನಡವನ್ನಾಡುವ ಪ್ರಜೆಗೆ ಕನ್ನಡವನ್ನು ಪೋಷಿಸುವ ಅರಸರಿದ್ದರು. ಆದಕಾರಣ 1950ರ ದಶಕದಲ್ಲಿ ಏಕೀಕರಣವು ಸಮೀಪಿಸಿದಾಗ ಹಳೆಯ ಮೈಸೂರಿನ ಹಲವರು ಹಿಂಜರಿದರು. ಸಂಸ್ಥಾನದ ವರಮಾನವು ಹಿಂದುಳಿದ ಪ್ರದೇಶಗಳಿಗೆ ಹರಿದುಹೋಗುವುದೆಂದು ಶಂಕಿಸಿದರು. ಅವರಿಗೆ ಪುಲಿಕೇಶಿಯ ದಿಗ್ವಿಜಯವನ್ನು ಹೇಳಿದರೆ ಉತ್ತರವಾಗುವುದಿಲ್ಲ.

ಹಾಗಾದರೆ ಉತ್ತರವಾವುದು? ಅದು ಈ ಸೀಮೆಯಲ್ಲಿಯೇ ಇದ್ದಿತು. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗಯತಿಗಳ ಗದ್ದುಗೆಯಿದೆ. 701 ವಚನಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ವನ್ನು ರಚಿಸಿದ ಆ ಮಹನೀಯರ ಪರಂಪರೆಯದೇ ಗದುಗಿನ ತೋಂಟದಾರ್ಯಮಠ. ಮೈಸೂರಿಗೂ ಮುಂಬಯಿ ಪ್ರಾಂತಕ್ಕೂ ನಡುವೆ ಎಳೆದಿದ್ದ ಗಡಿಯು ಈ ಗುರುಪರಂಪರೆಯನ್ನು ಕಡಿಯಲಿಲ್ಲ. ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ ತಮಿಳು ಮೂಲವನ್ನು ಅನುಸರಿಸಿ ‘ಭಾವಚಿಂತಾರತ್ನ’ವನ್ನು ರಚಿಸಿದನು, ನೆರೆಯ ಭಾಷೆಯಿಂದ ಪಡೆದೂ ಕನ್ನಡವು ಬೆಳೆಯಬಲ್ಲುದೆಂಬುದಕ್ಕೆ ಇದು ನಿದರ್ಶನ. ಅದೇ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕಮಂಡಲಿಯು ವೀರಣ್ಣನವರ ಕಾಲದಲ್ಲಿ ಸಂಸ್ಥಾನದ ಎಲ್ಲೆಯನ್ನು ದಾಟಿ ಸಂಚರಿಸಿ, ಸಭಾಮಂಟಪದಲ್ಲಿ ಒಂದು ಭಾಷಣವನ್ನೂ ಮಾಡದೆ ಕನ್ನಡಿಗರನ್ನು ಒಂದೆಡೆ ಕುಳ್ಳಿರಿಸಿತು. ತುಮಕೂರಿಗೆ ಸಮೀಪದ ಕೈದಾಳದಲ್ಲಿ ಹೊಯ್ಸಳ ನರಸಿಂಹನ ಸಾಮಂತನಾದ ಬಾಚಿಯು 12ನೆಯ ಶತಮಾನದ ಮಧ್ಯಭಾಗದಲ್ಲಿ ವಿಷ್ಣುವಿಗೂ ಶಿವನಿಗೂ ಜಿನನಿಗೂ ಆಲಯಗಳನ್ನೆತ್ತಿಸಿದನು. ಈ ಜಿಲ್ಲೆಯ ಶಾಸನಗಳನ್ನು ರೈಸ್ ಸಾಹೇಬರು 1904ರಲ್ಲಿಯೇ ಪ್ರಕಟಿಸಿದ್ದುದರಿಂದ ‘ಗತವೈಭವ’ವು ಹೊರಡುವ ವೇಳೆಗೆ ಇಂತಹ ಸಾಮಗ್ರಿಯು ದುರ್ಲಭವಾಗಿರಲಿಲ್ಲ.

ಇವು ಯಾವುವೂ ಗತವಾದ ವೈಭವಗಳಲ್ಲ, ನಡೆದುಬಂದ ಸಂಬಂಧಗಳು. ಸಾಮ್ರಾಜ್ಯವು ಅಳಿಯುವುದು, ಸಂಬಂಧವು ಉಳಿಯುವುದು. ವೆಂಕಟರಾಯರ ಗ್ರಂಥದಲ್ಲಿ ಸಾಮ್ರಾಜ್ಯಕ್ಕೆ ಸಂದಷ್ಟು ಪ್ರಾಧಾನ್ಯವು ಈ ಸಂಬಂಧಕ್ಕೆ ಸಲ್ಲಲಿಲ್ಲವೆಂಬುದೇ ಅದರ ಮೇಲಣ ಆಕ್ಷೇಪ.

ಆದರೆ ಗ್ರಂಥದ ದೋಷವನ್ನು ಗ್ರಂಥಕರ್ತನ ಜೀವಿತಕ್ಕೆ ಆರೋಪಿಸುವುದು ಅನ್ಯಾಯ. ಬರಹದಲ್ಲಿ ಕೊರತೆಯಾದುದನ್ನು ಅವರು ನಡೆಯಲ್ಲಿ ತುಂಬಿದರು. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಸ್ಥಾಪಿತವಾದುದು ಎರಡು ಕಡೆಯ ಕನ್ನಡಿಗರ ಸಮಾಗಮದಿಂದ. ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಜನಿಸಿದ ಬಿ. ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡಕ್ಕೆ ಹೋಗಿ ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸಮಾಡಿದರು. 1930ರಲ್ಲಿ ಧಾರವಾಡದ ವೆಂಕಟರಾಯರು ಮೈಸೂರಿಗೆ ಬಂದು ಸಾಹಿತ್ಯಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದರು. ಈ ಹೋಗಿ ಬರುವಿಕೆಯೇ ಏಕೀಕರಣದ ನಿಜವಾದ ಪೂರ್ವರಂಗ. ಗ್ರಿಫಿತ್‌ಗೆ ಉತ್ತರದವರೊಡನೆ ಇಂತಹ ಬಳಕೆಯು ಕೂಡಿಬರಲಿಲ್ಲ.

ಫಲವು ಪೂರ್ಣವಾಯಿತೆಂದು ಹೇಳುವಂತಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿಹೋಯಿತು. ಆದರೂ ಸಂಕಲ್ಪವಾಕ್ಯದಲ್ಲಿ ಹೆಸರು ಸ್ಪಷ್ಟವಾಗಿ ಕೇಳಿಬರದಿದ್ದ ಎಡೆಯೂರು, ಗುಬ್ಬಿ, ಕೈದಾಳಗಳೂ ಯಜ್ಞಫಲದಲ್ಲಿ ಭಾಗಿಗಳಾದುವು. ವೆಂಕಟರಾಯರನ್ನು ಗೌರವಿಸತಕ್ಕ ಕ್ರಮವೆಂದರೆ ಅವರ ಅರಸರ ಪಟ್ಟಿಯನ್ನು ಮತ್ತೆ ಮತ್ತೆ ಪಾರಾಯಣಮಾಡುವುದಲ್ಲ. ಅವರು ಬರೆಯದೆ ಬಿಟ್ಟ ಅಧ್ಯಾಯವನ್ನು ಊರೂರಿನ ಶಾಸನ, ಮಠ, ರಂಗಗಳಿಂದ ಸಂಗ್ರಹಿಸಿ ಪೂರ್ಣಗೊಳಿಸುವುದು.